ವೈನ್ ಬೆರೆಸಿದ ವಿಸ್ಕಿಯಲ್ಲ, ವೈನ್ ಪೀಪಾಯಿಯಲ್ಲಿ ಮಾಗಿದ ವಿಸ್ಕಿ

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ಕಳೆದ ಭಾನುವಾರದ ಪುರವಣಿಯಲ್ಲಿ ವಿದೇಶಿ ವಿಸ್ಕಿಗಳ ಕುರಿತು ಪ್ರಕಟವಾದ ಬರಹವನ್ನು ಎರಡು ಸಲ ಓದಿದೆ. ವೈನ್ ಪೀಪಾಯಿಯಲ್ಲಿ ಮಾಗಿಸಿದ ರೈ ವಿಸ್ಕಿ (ರೈ ಎಂಬ ಧಾನ್ಯದಿಂದ ಇಳಿಸುವ ವಿಸ್ಕಿ) ಎಂದರೆ ಕೊನೆಯಲ್ಲಿ ಸ್ವಲ್ಪ ವೈನ್ ಬೆರೆಸಿ ರುಚಿ ಕಟ್ಟಿದ ವಿಸ್ಕಿ ಎಂದು ಅದರಲ್ಲಿ ಬರೆಯಲಾಗಿದೆ; ಮುಂದುವರಿದು, ಯಾವ ವಿಸ್ಕಿಯೇ ಆಗಲಿ ವರ್ಷ ಹೆಚ್ಚಾದಷ್ಟೂ ಉತ್ತಮ ಎಂದೂ ಹೇಳಲಾಗಿದೆ. ಮೊದಲನೆಯ ಮಾತು ತಪ್ಪು, ಎರಡನೆಯದು ಅರ್ಧ ಮಾತ್ರ ನಿಜ. ಕುಡಿತದಿಂದ ಹಾಳಾದ ಮನೆಗಳನ್ನು ನಮ್ಮ ಕೇರಿಯಲ್ಲೇ ಕಂಡಿರುವ ನಾನು ಯಾರಿಗೂ ಕುಡಿಯಿರಿ ಎಂದು ಹೇಳಲು ಈ ಪತ್ರ ಬರೆಯುತ್ತಿಲ್ಲ. ಆದರೆ ಒಂದು ಪದಾರ್ಥದ ಬಗ್ಗೆ ಬರೆಯಲು ಹೊರಟ ಮೇಲೆ ಅದನ್ನು ಮಾಡುವವರ ಹದವನ್ನು ಬೆರಕೆ ಎಂದು ಕರೆದರೆ ಆ ಕಸುಬಿಗೆ ಅನ್ಯಾಯವಾಗುತ್ತದೆ, ಓದುಗರಿಗೂ ತಪ್ಪು ತಿಳಿವಳಿಕೆ ಹೋಗುತ್ತದೆ.

ನಾನು ಮದ್ಯದ ವ್ಯಾಪಾರಿಯಲ್ಲ. ಚನ್ನಗಿರಿ ಸೀಮೆಯ ಅಡಿಕೆಯನ್ನು ದಾವಣಗೆರೆಯಲ್ಲಿದ್ದುಕೊಂಡು 32 ವರ್ಷ ಕೊಂಡು ಮಾರಿದವನು. ರಾಶಿ, ಬೆಟ್ಟೆ, ಸರಕು, ಗೊರಬಲು ಎಂದು ಮಾಲನ್ನು ವಿಂಗಡಿಸುವಾಗ ಕಣ್ಣಿನಷ್ಟೇ ಮೂಗು, ನಾಲಿಗೆಗಳಿಗೂ ಕೆಲಸವಿರುತ್ತದೆ. ಚೀಲದೊಳಗೆ ಕೈ ಹಾಕಿ ಒಂದು ಹೋಳನ್ನು ತೆಗೆದು ಕಡಿದರೆ, ಒಗರು ಎಲ್ಲಿ ಹುಟ್ಟಿ ಎಲ್ಲಿಯವರೆಗೆ ನಿಲ್ಲುತ್ತದೆ ಎಂಬುದರ ಮೇಲೆ ಅದು ಹದವಾಗಿ ಬೆಂದಿದೆಯೋ ಇಲ್ಲವೋ ಎಂದು ಹೇಳಬಹುದು. ಒಗರನ್ನು ಅಳೆಯುತ್ತಲೇ ವಯಸ್ಸಾದವನಿಗೆ, ಓಕ್ ಮರದ ಒಗರಿನಲ್ಲಿ ವರ್ಷಗಟ್ಟಲೆ ಕುಳಿತ ವಿಸ್ಕಿಯ ರುಚಿ ತೀರ ಪರಕೀಯವೆನಿಸಲಿಲ್ಲ.

ಸಂಕ್ರಾಂತಿ ಕಳೆದ ವಾರದಲ್ಲಿ ಅಮೆರಿಕದಲ್ಲಿರುವ ನನ್ನ ತಂಗಿಯ ಮಗ ಪಿ.ಜೆ. ಬಡಾವಣೆಯ ನಮ್ಮ ಮನೆಗೆ ಬಂದಿದ್ದ. ಪ್ರಯಾಣಿಕರು ಸುಂಕವಿಲ್ಲದೆ ತರಬಹುದಾದ 2 ಲೀಟರ್ ಮಿತಿಯೊಳಗೆ ಎರಡು ಬಾಟಲಿಗಳನ್ನು ತಂದಿದ್ದ. ಒಂದು, ಹೊಸ ಓಕ್ ಪೀಪಾಯಿಯಲ್ಲಿ ಮಾತ್ರ 6 ವರ್ಷ ಮಾಗಿದ ರೈ ವಿಸ್ಕಿ. ಇನ್ನೊಂದು ವಿಸ್ಲ್‌ಪಿಗ್ ಕಂಪನಿಯ 12 ವರ್ಷದ ‘ಓಲ್ಡ್ ವರ್ಲ್ಡ್’; ಇದು ಓಕ್‌ನಲ್ಲಿ ಮಾಗಿದ ಮೇಲೆ ಮತ್ತೆ ವೈನ್ ಪೀಪಾಯಿಗಳನ್ನು ಹೊಕ್ಕು ಬಂದದ್ದು. ಪಕ್ಕದ ಮನೆಯ ನಿವೃತ್ತ ರಸಾಯನಶಾಸ್ತ್ರದ ಮೇಷ್ಟ್ರು ಸೇರಿ ನಾವು ಮೂವರು, ಒಂದೊಂದರಲ್ಲಿ ತಲಾ 30 ಮಿ.ಲೀ.ಗಿಂತ ಹೆಚ್ಚು ಹಾಕಿಕೊಳ್ಳದೆ, ಎರಡು ಗಂಟೆಗಳ ಕಾಲ ಇವುಗಳ ಮುಂದೆ ಕುಳಿತೆವು. ಐಸ್ ಇರಲಿಲ್ಲ, ಸೋಡಾ ಇರಲಿಲ್ಲ. ನಡುನಡುವೆ ಬಾಯಿ ಶುದ್ಧ ಮಾಡಿಕೊಳ್ಳಲು ಒಗ್ಗರಣೆ ಹಾಕದ ಬರಿ ಮಂಡಕ್ಕಿ ಇತ್ತು. ಅದರ ಜೋಡಿಯಾದ ಮೆಣಸಿನಕಾಯಿ ಬಜ್ಜಿಯನ್ನು ಆ ಸಂಜೆಯ ಮಟ್ಟಿಗೆ ದೂರವಿಟ್ಟಿದ್ದೆವು.

“ಮಾವ, ಅವಸರ ಮಾಡಬ್ಯಾಡ್ರಿ. ಮೂಗು ಲೋಟದೊಳಗೆ ಇಳಿಸಬ್ಯಾಡ್ರಿ, ಬಾಯಿ ಒಂದೀಟು ತೆಗೆದುಕೊಂಡು ಮೂಸಿ ನೋಡ್ರಿ” ಎಂದ ಹುಡುಗ. ಹಾಗೆ ಮಾಡಿದಾಗ ಮೊದಲ ಬಾಟಲಿಯ ಘಾಟು ಮೂಗಿಗೆ ಹೊಡೆಯುವುದು ನಿಂತು, ಅದರ ಹಿಂದೆ ಇದ್ದದ್ದು ಮುಂದೆ ಬಂತು: ಸೋಂಪಿನ ತಂಪು, ಒಣಗಿದ ಪುದೀನ, ಆಗತಾನೇ ಕುಟ್ಟಿದ ಕಾಳುಮೆಣಸು. ನಾಲಿಗೆಯ ಮೇಲೆ ಅದು ತೆಳ್ಳಗೆ, ಚುರುಕಾಗಿ ಓಡಿತು. ನುಂಗಿದ ಮೇಲೆ ಲವಂಗ ಕಚ್ಚಿದಂತೆ ಒಸಡಿನ ಅಂಚಿನಲ್ಲಿ ಜುಮ್ಮೆನ್ನಿಸಿ ನಿಧಾನವಾಗಿ ಇಳಿಯಿತು. ಸಿಹಿ ಇತ್ತು, ಆದರೆ ಹಿಂದೆ ನಿಂತಿತ್ತು. ಲವಂಗದ ವಾಸನೆ ಮರದ್ದೋ ಕಾಳಿನದೋ ಎಂದು ನಾನು ಕೇಳಿದ್ದಕ್ಕೆ ಮೇಷ್ಟ್ರು ಎರಡೂ ಕಡೆಯಿಂದ ಬರುತ್ತದೆ ಎಂದರು: ಲವಂಗಕ್ಕೆ ಅದರ ವಾಸನೆ ಕೊಡುವ ಯೂಜಿನಾಲ್ ಓಕ್ ಮರದಲ್ಲೂ ಇದೆ, ಧಾನ್ಯದ ಹೊಟ್ಟಿನಲ್ಲಿರುವ ಫೆರುಲಿಕ್ ಆಮ್ಲವೂ ಹುದುಗುವಾಗ ಲವಂಗವನ್ನೇ ಹೋಲುವ ಇನ್ನೊಂದು ಪದಾರ್ಥವಾಗಿ ಬದಲಾಗಬಲ್ಲದು.

ಇಲ್ಲಿ ರೈ ಎಂದರೇನು ಎಂದು ಹೇಳಬೇಕು, ಏಕೆಂದರೆ ನಮ್ಮ ಪೇಟೆಯಲ್ಲಿ ಉತ್ತರದ ವರ್ತಕರು ‘ರಾಯಿ’ ಎನ್ನುವುದು ಸಾಸಿವೆಗೆ. ವಿಸ್ಕಿಯ ರೈ ಸಾಸಿವೆಯಲ್ಲ. ಗೋಧಿಯ ಹತ್ತಿರದ ನೆಂಟನಾದ ಒಂದು ಧಾನ್ಯ. ಚಳಿ ಹೆಚ್ಚಿರುವ, ಮಣ್ಣು ಬಡವಾದ ಕಡೆಯೂ ಬೆಳೆಯುತ್ತದೆ. ಚಿತ್ರದುರ್ಗದ ಕಡೆಯ ಕೆಂಪು ಹೊಲದಲ್ಲಿ ಮಳೆ ಕೈಕೊಟ್ಟರೂ ನವಣೆ, ಸಾವೆ ಕೈಬಿಡದೆ ಬಂದಂತೆ. ಇದರ ಹಿಟ್ಟನ್ನು ಬಿಸಿನೀರಿನಲ್ಲಿ ಕದಡಿದರೆ ಗಂಜಿ ಅಂಟಂಟಾಗಿ, ಹುದುಗುವಾಗ ನೊರೆಯೆದ್ದು, ಭಟ್ಟಿಯವರಿಗೆ ಬಲು ಕಾಟ ಕೊಡುತ್ತದೆ. ಆದರೂ ಅದನ್ನು ಬಿಡದಿರುವುದು ಈ ಚುರುಕಿಗಾಗಿ. ಅಮೆರಿಕದ ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ ತನ್ನ ಮೌಂಟ್ ವರ್ನನ್ ಜಮೀನಿನಲ್ಲಿ 1797ರಲ್ಲಿ ಆರಂಭಿಸಿದ ಭಟ್ಟಿಯಲ್ಲಿ ಇಳಿಸುತ್ತಿದ್ದದ್ದೂ ಶೇ 60 ರೈ, ಶೇ 35 ಮೆಕ್ಕೆಜೋಳ, ಶೇ 5 ಮೊಳಕೆ ಬರಿಸಿದ ಬಾರ್ಲಿ ಸೇರಿದ ವಿಸ್ಕಿಯನ್ನೇ. 1920ರಿಂದ 1933ರವರೆಗಿನ ಪಾನನಿಷೇಧದಲ್ಲಿ ನೆಲಕಚ್ಚಿದ ಈ ಬಗೆ ಮತ್ತೆ ತಲೆಯೆತ್ತಿದ್ದು ಇತ್ತೀಚಿನ ದಶಕಗಳಲ್ಲಿ.

ಅಮೆರಿಕದ ಕಾನೂನಿನ ಪ್ರಕಾರ ರೈ ವಿಸ್ಕಿ ಎಂದು ಹೆಸರಿಡಬೇಕಾದರೆ ಧಾನ್ಯದಲ್ಲಿ ಕನಿಷ್ಠ ಶೇ 51 ರೈ ಇರಬೇಕು, ಒಳಮೈ ಸುಟ್ಟ ಹೊಚ್ಚ ಹೊಸ ಓಕ್ ಪೀಪಾಯಿಯಲ್ಲಿ ಅದು ಮಾಗಬೇಕು, ಪೀಪಾಯಿಗೆ ಹಾಕುವಾಗ ಅದರ ಕಸುವು ಶೇ 62.5 ಆಲ್ಕೊಹಾಲ್ ಮೀರಬಾರದು. ಹೊಸ ಪೀಪಾಯಿ, ಸುಟ್ಟ ಪೀಪಾಯಿ ಎಂಬ ಈ ಎರಡು ಮಾತುಗಳಲ್ಲೇ ಅದರ ರುಚಿಯ ಬಹುಪಾಲು ಅಡಗಿದೆ. ಪೀಪಾಯಿಯೊಳಗೆ ಬೆಂಕಿ ಹಾಯಿಸಿ, ಒಂದು ನಿಮಿಷದೊಳಗೇ, ಬೇಸಿಗೆಯಲ್ಲಿ ಒಣಗಿ ಬಿರಿದ ಕೆರೆಯಂಗಳದಂತೆ ಕಾಣುವ ಇದ್ದಿಲ ಪದರ ಏಳುವ ಹಾಗೆ ಸುಡುತ್ತಾರೆ. ಆ ಇದ್ದಿಲು ಹಸಿ ಮದ್ಯದ ಗಂಧಕದ ವಾಸನೆಯನ್ನು ಹೀರಿಕೊಳ್ಳುತ್ತದೆ; ಅದರ ಹಿಂದಿನ ಬೆಂದ ಮರವು ವೆನಿಲಾ, ಸುಟ್ಟ ಸಕ್ಕರೆ, ಕೊಬ್ಬರಿಯ ಪರಿಮಳಗಳನ್ನು ಬಿಟ್ಟುಕೊಡುತ್ತದೆ. ನಮ್ಮಲ್ಲಿ ವಿಸ್ಕಿ ಎಂದು ಮಾರಾಟವಾಗುವ ಮದ್ಯದಲ್ಲಿ ಎಷ್ಟೋ ಪಾಲಿನ ಮೂಲ ಕಬ್ಬಿನ ಕಾಕಂಬಿ ಆದ್ದರಿಂದ, ಧಾನ್ಯಕ್ಕೂ ಮರಕ್ಕೂ ಇರುವ ಈ ಸಂಬಂಧ ಇಲ್ಲಿನ ಓದುಗರಿಗೆ ಹೊಸದೆನಿಸುವುದು ಸಹಜ. ಆ ಕಾರಣಕ್ಕೇ ಬರೆಯುವವರು ಹೆಚ್ಚು ಎಚ್ಚರದಿಂದ ಬರೆಯಬೇಕಿತ್ತು.

ಈಗ ವೈನ್ ಪೀಪಾಯಿಯ ವಿಷಯ. ಓಕ್‌ನಲ್ಲಿ ಮಾಗಿ ಮುಗಿದ ವಿಸ್ಕಿಯನ್ನು, ಹಿಂದೆ ವೈನ್ ತುಂಬಿಟ್ಟು ಖಾಲಿ ಮಾಡಿದ ಪೀಪಾಯಿಗೆ ವರ್ಗಾಯಿಸಿ ಕೆಲವು ವಾರಗಳೋ ತಿಂಗಳುಗಳೋ ಇಡುತ್ತಾರೆ. ಸ್ಕಾಟ್ಲೆಂಡಿನ ಬಾಲ್ವೆನಿ ಭಟ್ಟಿಯಲ್ಲಿ ಡೇವಿಡ್ ಸ್ಟೀವರ್ಟ್ ಅವರು 1980ರ ದಶಕದಲ್ಲಿ ಇದನ್ನು ಒಂದು ಕ್ರಮವಾಗಿ ನಡೆಸಿ ತೋರಿಸಿದ ಮೇಲೆ ಉಳಿದವರೂ ಹಿಡಿದರು. ಪೀಪಾಯಿಯಲ್ಲಿ ಸುರಿಯುವಷ್ಟು ವೈನ್ ಇರುವುದಿಲ್ಲ. ಇರುವುದು ಮರದ ಹಲಗೆ ವರ್ಷಗಟ್ಟಲೆ ಕುಡಿದು ಒಳಗೆ ಹಿಡಿದಿಟ್ಟುಕೊಂಡ ರಸ, ಅದರ ಬಣ್ಣ, ಹುಳಿ, ಒಗರು. ವಿಸ್ಕಿ ಅದನ್ನು ಮರದೊಳಗಿಂದ ಬಿಡಿಸಿಕೊಳ್ಳುತ್ತದೆ. ಲೋಟದಲ್ಲಿ ವೈನ್ ಬೆರೆಸುವುದಕ್ಕೂ ಇದಕ್ಕೂ ಇರುವ ವ್ಯತ್ಯಾಸವನ್ನು ಅಡಿಕೆ ಬಲ್ಲವರಿಗೆ ಒಂದೇ ಮಾತಿನಲ್ಲಿ ಹೇಳಬಲ್ಲೆ: ಇದು ಚೊಗರು.

ಹಸಿ ಅಡಿಕೆಯನ್ನು ಸುಲಿದು ಬೇಯಿಸುವಾಗ ಹಂಡೆಯಲ್ಲಿ ಉಳಿಯುವ ಗಟ್ಟಿ ಕೆಂಪು ರಸವೇ ಚೊಗರು. ಅದನ್ನು ಚೆಲ್ಲುವುದಿಲ್ಲ, ಮಣ್ಣಿನ ಹರವಿಯಲ್ಲೋ ಡ್ರಮ್ಮಿನಲ್ಲೋ ಜೋಪಾನ ಮಾಡಿ ಮುಂದಿನ ಸುಗ್ಗಿಯ ಅಡಿಕೆಗೆ ಬಳಸುತ್ತಾರೆ. ಕಳೆದ ವರ್ಷದ ಬೆಳೆಯ ಒಗರು ಈ ವರ್ಷದ ಬೆಳೆಗೆ ಬಣ್ಣ, ಹೊಳಪು ಕೊಡುತ್ತದೆ. ಹದವರಿತು ಹಾಕಿದರೆ ಅಡಿಕೆ ಕೆಂಪಗೆ ಮಿನುಗಿ, ಕಡಿದಾಗ ತನ್ನದೇ ರುಚಿಯನ್ನು ಹೇಳುತ್ತದೆ. ಹದ ಮೀರಿದರೆ ಎಳೆಯದೂ ಬಲಿತದ್ದೂ ಒಂದೇ ಬಣ್ಣವಾಗಿ, ಬಾಯಿಗೆ ಬರಿ ಚೊಗರೇ ಸಿಗುತ್ತದೆ. ಅನುಭವವಿಲ್ಲದ ದಿನಗಳಲ್ಲಿ ಅಂಥ ಮಾಲನ್ನು ಬಣ್ಣಕ್ಕೆ ಮರುಳಾಗಿ ಕೊಂಡು, ಗೋದಾಮಿನಲ್ಲಿ ಚೀಲ ಬಿಚ್ಚಿದಾಗ ತಲೆಯ ಮೇಲೆ ಕೈಹೊತ್ತು ಕುಳಿತಿದ್ದೇನೆ. ವೈನ್ ಪೀಪಾಯಿಯ ವಿಸ್ಕಿಯನ್ನು ನಾನು ನೋಡಿದ್ದು ಆ ಕಣ್ಣಿನಿಂದ: ಈ ದ್ರಾಕ್ಷಿಯ ಚೊಗರು ರೈ ಕಾಳನ್ನು ಹೊಳೆಯಿಸಿದೆಯೇ, ಮುಚ್ಚಿಹಾಕಿದೆಯೇ?

ಈ ‘ಓಲ್ಡ್ ವರ್ಲ್ಡ್’ ಒಂದೇ ಪೀಪಾಯಿಯದಲ್ಲ. ಮಡೀರಾ ವೈನ್‌ನ ಪೀಪಾಯಿಯಲ್ಲಿ ಮಾಗಿದ್ದು ಶೇ 63, ಸೋಟರ್ನ್ ವೈನ್‌ನದರಲ್ಲಿ ಮಾಗಿದ್ದು ಶೇ 30, ಪೋರ್ಟ್ ವೈನ್‌ನದರಲ್ಲಿ ಮಾಗಿದ್ದು ಶೇ 7. ಈ ಮೂರನ್ನು ಸೇರಿಸಿ ಶೇ 43 ಆಲ್ಕೊಹಾಲ್‌ಗೆ ಇಳಿಸಿ ಬಾಟಲಿಗೆ ತುಂಬುತ್ತಾರೆ. ಮಡೀರಾ ಪೋರ್ಚುಗಲ್ಲಿಗೆ ಸೇರಿದ ಅಟ್ಲಾಂಟಿಕ್ ಸಾಗರದ ದ್ವೀಪ. ಹಿಂದೆ ಅಲ್ಲಿಂದ ಹಡಗಿನಲ್ಲಿ ಭಾರತದ ಕಡೆಗೆ ಹೊರಟ ವೈನ್ ಉಷ್ಣವಲಯದ ಬಿಸಿಗೆ ಬೆಂದು, ಕೆಡುವ ಬದಲು ರುಚಿ ಹೆಚ್ಚಿಸಿಕೊಂಡದ್ದನ್ನು ಕಂಡು, ಆಮೇಲೆ ದ್ವೀಪದಲ್ಲೇ ಬೇಕೆಂದು ಕಾಯಿಸಿ ಮಾಗಿಸುವ ಪದ್ಧತಿ ಬಂತು. ಸೋಟರ್ನ್ ಫ್ರಾನ್ಸಿನ ಬೋರ್ಡೋ ಸೀಮೆಯದು. ಬೂಷ್ಟು ಹಿಡಿದು ಬಳ್ಳಿಯಲ್ಲೇ ಸುಕ್ಕಾದ ದ್ರಾಕ್ಷಿಯಿಂದ ಮಾಡುವ ಜೇನಿನಂಥ ವೈನ್. ಪೋರ್ಟ್ ಎನ್ನುವುದು ಪೋರ್ಚುಗಲ್ಲಿನ ಡೋರೊ ಕಣಿವೆಯದು; ಹುದುಗುತ್ತಿರುವಾಗಲೇ ದ್ರಾಕ್ಷಿಯ ಮದ್ಯ ಸೇರಿಸಿ ಹುದುಗನ್ನು ನಿಲ್ಲಿಸುವುದರಿಂದ ಹಣ್ಣಿನ ಸಿಹಿ ಅದರಲ್ಲೇ ಉಳಿಯುತ್ತದೆ.

ಲೋಟವನ್ನು ಟ್ಯೂಬ್‌ಲೈಟಿಗೆ ಹಿಡಿದಾಗ ಮೊದಲನೆಯದಕ್ಕಿಂತ ಇದರ ಬಣ್ಣದಲ್ಲಿ ತಾಮ್ರದ ಛಾಯೆ ಹೆಚ್ಚಿತ್ತು. ಮೂಸಿದಾಗ ಮೊದಲು ಬಂದದ್ದು ಒಣದ್ರಾಕ್ಷಿ, ಅದರ ಬೆನ್ನಿಗೇ ಹೊಸ ಬೆಲ್ಲದ ಪಾಕ ಏರುವಾಗಿನ ಘಮ. ಇನ್ನೂ ಸ್ವಲ್ಪ ಹೊತ್ತು ಬಿಟ್ಟ ಮೇಲೆ ಕಿತ್ತಳೆಯ ಒಣ ಸಿಪ್ಪೆ. ಮೊದಲ ಗುಟುಕಿನಲ್ಲಿ ನನಗೆ ನಿರಾಸೆಯಾಯಿತು. ಸಿಹಿ ಬಾಯಿ ತುಂಬಿ ನಿಂತು, ರೈಯ ಚುರುಕು ಎಲ್ಲಿ ಹೋಯಿತು ಎಂದು ಹುಡುಕುವಂತಾಯಿತು. ಚೊಗರು ಜಾಸ್ತಿಯಾಗಿದೆ ಎಂದು ಹೇಳಿಯೇ ಬಿಟ್ಟೆ. ಹುಡುಗ ಮಾತನಾಡದೆ ಒಂದು ಚಮಚದ ತುದಿಯಿಂದ ಐದಾರು ಹನಿ ನೀರು ಬಿಟ್ಟು, ಹತ್ತು ನಿಮಿಷ ಮುಟ್ಟಬೇಡಿ ಎಂದ. ನೀರು ಬಿದ್ದಾಗ ಕೆಲವು ಪರಿಮಳದ ಅಣುಗಳು ದ್ರವದ ಮೇಲ್ಮೈಯತ್ತ ಸರಿಯುತ್ತವೆ, ಇದನ್ನು 2017ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ಕಂಪ್ಯೂಟರ್ ಲೆಕ್ಕಾಚಾರದಿಂದ ತೋರಿಸಿದ್ದಾರೆ ಎಂದು ಮೇಷ್ಟ್ರು ವಿವರಿಸಿದರು. ವಿವರಣೆ ಏನೇ ಇರಲಿ, ಎರಡನೆಯ ಗುಟುಕು ಬೇರೆಯೇ ಆಗಿತ್ತು. ಸಿಹಿ ತೆಳುವಾಗಿ ಬದಿಗೆ ಸರಿದು, ನಾಲಿಗೆಯ ನಡುವಿನಿಂದ ಅದೇ ಕಾಳುಮೆಣಸು, ಅದೇ ಸೋಂಪು ಮೇಲೆದ್ದು ಬಂದವು. ಕೊನೆಯಲ್ಲಿ ಒಂದು ಒಗರು ಉಳಿಯಿತು. ಮೊದಲ ಬಾಟಲಿಯ ಒಗರು ಮರದ ಒಣ ಒಗರಾಗಿದ್ದರೆ ಇದು ದ್ರಾಕ್ಷಿಯ ಬೀಜ ಕಡಿದಾಗಿನ ತೇವದ ಒಗರು. ಎರಡು ಒಗರುಗಳ ಈ ಭೇದವನ್ನು ನಾಲಿಗೆಯ ಮೇಲೆ ಕಂಡುಕೊಂಡ ಆ ಗಳಿಗೆಯ ಸಂತೋಷವನ್ನು ಹೇಗೆ ಹೇಳಲಿ! ಮೇಷ್ಟ್ರು ಮಾತ್ರ ಕೊನೆಯವರೆಗೂ 6 ವರ್ಷದ ಬಾಟಲಿಯ ಪಕ್ಷವನ್ನೇ ಹಿಡಿದರು. ಅವರಿಗೆ ಕಾಳಿನ ಕಟುತ್ವ ಬೇಕು, ಹಣ್ಣು ಬೇಡ. ಅದೂ ಒಪ್ಪತಕ್ಕ ಮಾತೇ.

ಅವರ ಆಯ್ಕೆಯೇ ನಿಮ್ಮ ಲೇಖನದ ಎರಡನೆಯ ಮಾತಿಗೂ ಉತ್ತರವಾಗುತ್ತದೆ. ಸ್ಕಾಟ್ಲೆಂಡಿನಲ್ಲಿ ಹೆಚ್ಚಾಗಿ ಬಳಸುವುದು ಒಮ್ಮೆ ಬಳಸಿ ಕಸುವು ಇಳಿದ ಪೀಪಾಯಿಗಳನ್ನು, ಅದೂ ತಂಪು ಹವೆಯಲ್ಲಿ. ಅಲ್ಲಿ 18 ವರ್ಷ, 25 ವರ್ಷ ಕಾಯುವುದಕ್ಕೆ ಅರ್ಥವಿದೆ. ಹೊಸ ಸುಟ್ಟ ಪೀಪಾಯಿಯಲ್ಲಿ ರೈಯನ್ನು ಅಷ್ಟು ಕಾಲ ಬಿಟ್ಟರೆ ಮರವೇ ಧಾನ್ಯವನ್ನು ನುಂಗಿ, ಬಾಯಿಗೆ ಹಲಗೆ ಕಚ್ಚಿದಂತಹ ಕಹಿ ಉಳಿಯುವ ಅಪಾಯವಿರುತ್ತದೆ. ಮಾಗುವಾಗ ಆವಿಯಾಗಿ ಹೋಗುವುದರ ಲೆಕ್ಕವೂ ಇದೆ. ಸ್ಕಾಟ್ಲೆಂಡಿನಲ್ಲಿ ವರ್ಷಕ್ಕೆ ಸುಮಾರು ಶೇ 2ರಷ್ಟು ಹೋದರೆ, ನಮ್ಮ ಬೆಂಗಳೂರಿನಲ್ಲಿ ಶೇ 10ರ ಆಸುಪಾಸು ಹೋಗುತ್ತದೆ. 200 ಲೀಟರ್ ತುಂಬಿಟ್ಟ ಪೀಪಾಯಿಯನ್ನು 12 ವರ್ಷದ ನಂತರ ತೆರೆದರೆ ಅಲ್ಲಿ 157 ಲೀಟರ್ ಸಿಕ್ಕೀತು, ಇಲ್ಲಿ 56 ಲೀಟರ್. ಪೀಪಾಯಿಯಿಂದ ಆವಿಯಾಗಿ ಹೋಗುವ ಭಾಗವನ್ನು ಆ ಕಡೆಯವರು ದೇವದೂತರ ಪಾಲು ಎನ್ನುತ್ತಾರೆ. ಬೆಂಗಳೂರಿನ ಅಮೃತ್ ಡಿಸ್ಟಿಲರಿ ತನ್ನ ಹೆಚ್ಚು ವರ್ಷ ಮಾಗಿದ ವಿಸ್ಕಿಗೆ ದುರಾಸೆಯ ದೇವದೂತರು ಎಂಬರ್ಥದ ‘ಗ್ರೀಡಿ ಏಂಜಲ್ಸ್’ ಎಂಬ ಹೆಸರಿಟ್ಟದ್ದು ಈ ಕಾರಣಕ್ಕೇ. ಚಿತ್ರದುರ್ಗದಂಥ ಒಣ ಹವೆಯಲ್ಲಿ ಒಂದು ಪೀಪಾಯಿ ಇಟ್ಟರೆ ಮದ್ಯಸಾರಕ್ಕಿಂತ ನೀರೇ ಬೇಗ ಹಾರಿ, ಉಳಿದದ್ದರ ಕಸುವು ಏರುತ್ತಾ ಹೋಗುತ್ತದೆ ಎಂದು ಮೇಷ್ಟ್ರು ಹೇಳಿದಾಗ, ಆ ಊರಿನ ಬೇಸಿಗೆಯನ್ನು ಕಂಡಿರುವ ನಮಗೆ ನಂಬುವುದು ಕಷ್ಟವಾಗಲಿಲ್ಲ.

ಇನ್ನೂ ಒಂದು ಸಾಕ್ಷಿ ನಮ್ಮ ರಾಜ್ಯದಲ್ಲೇ ಇದೆ. 2004ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ ತನ್ನ ಸಿಂಗಲ್ ಮಾಲ್ಟನ್ನು (ಮೊಳಕೆ ಬರಿಸಿದ ಬಾರ್ಲಿಯಿಂದ ಒಂದೇ ಭಟ್ಟಿಯಲ್ಲಿ ಇಳಿಸಿದ ವಿಸ್ಕಿಯನ್ನು) ಮೊದಲು ಬಿಡುಗಡೆ ಮಾಡಿದ ಅದೇ ಅಮೃತ್‌ನ ‘ಫ್ಯೂಷನ್’ ವಿಸ್ಕಿಯನ್ನು ವಿಸ್ಕಿ ವಿಮರ್ಶಕ ಜಿಮ್ ಮರ್‍ರೆ ಅವರು ತಮ್ಮ 2010ರ ಕೈಪಿಡಿಯಲ್ಲಿ ಜಗತ್ತಿನ ಮೂರನೆಯ ಶ್ರೇಷ್ಠ ವಿಸ್ಕಿ ಎಂದು ಎಣಿಸಿದರು. ಅದರ ಲೇಬಲ್ ಮೇಲೆ ವರ್ಷದ ಅಂಕಿಯೇ ಇಲ್ಲ. ಅದೇ ಡಿಸ್ಟಿಲರಿ ಮೊಳಕೆ ಬರಿಸಿದ ರೈಯಿಂದಲೂ ವಿಸ್ಕಿ ಇಳಿಸಿದೆ, ಪೋರ್ಟ್ ಪೀಪಾಯಿಯಲ್ಲಿ ಮಾಗಿಸಿದ ‘ಪೋರ್ಟೊನೋವಾ’ವನ್ನೂ ಹೊರತಂದಿದೆ. ಮನೆಯಂಗಳದಲ್ಲೇ ಇಷ್ಟು ಕೆಲಸ ನಡೆದಿರುವಾಗ, ವೈನ್ ಪೀಪಾಯಿಯ ಬಗ್ಗೆ ಕನ್ನಡದಲ್ಲಿ ಬರೆಯುವವರು ದೂರದ ದೇಶದ ಜಾಹೀರಾತಿನ ಸಾಲುಗಳನ್ನು ನೆಚ್ಚಿಕೊಳ್ಳಬೇಕಾಗಿರಲಿಲ್ಲ.

ಭಾಷೆಯ ಬಗ್ಗೆಯೂ ನನ್ನದೊಂದು ಆಕ್ಷೇಪವಿದೆ. ಆ ಲೇಖನದಲ್ಲಿ ಆರು ಬಗೆಯ ವಿಸ್ಕಿಗಳ ಪ್ರಸ್ತಾಪವಿದ್ದು, ಆರಕ್ಕೂ ಬಳಸಿರುವ ಗುಣವಾಚಕ ಒಂದೇ: ‘ಸ್ಮೂತ್’. ಒಗರು, ಘಾಟು, ಕಮಟು, ಸೊಗಡು, ಕಟು, ಹುಳಿಸಿಹಿ, ನವಿರು ಎಂಬ ಮಾತುಗಳನ್ನು ದಿನವೂ ಅಡುಗೆಮನೆಯಲ್ಲಿ, ಮಂಡಿಯಲ್ಲಿ ಬಳಸುವ ಭಾಷೆ ನಮ್ಮದು. ಒಂದೇ ಒಗರಿನಲ್ಲಿ ಎಳೆ ಅಡಿಕೆಯದು, ನೆಲ್ಲಿಕಾಯಿಯದು, ಬಾಳೆಕಾಯಿಯದು ಎಂದು ನಾವು ಬೇರೆ ಬೇರೆಯಾಗಿ ಗುರುತಿಸುತ್ತೇವೆ. ರೈ ವಿಸ್ಕಿಯಂತೂ ನುಣುಪಿಗೆ ಹೆಸರಾದದ್ದೇ ಅಲ್ಲ, ಚುರುಕಿಗೆ ಹೆಸರಾದದ್ದು; ಅದನ್ನು ನುಣುಪು ಎಂದು ಹೊಗಳುವುದು ಬ್ಯಾಡಗಿ ಮೆಣಸಿನಕಾಯಿಯನ್ನು ಬಣ್ಣ ಬಿಟ್ಟು ಖಾರಕ್ಕೆ ಹೊಗಳಿದಂತೆ. ಮುಂದಿನ ಸಲ ಇಂಥ ವಿಷಯ ಪ್ರಕಟಿಸುವಾಗ, ಬರೆದವರು ಆ ಪದಾರ್ಥವನ್ನು ಮೂಸಿ, ರುಚಿ ನೋಡಿ, ತಮಗೆ ಕಂಡದ್ದನ್ನು ತಮ್ಮ ಮನೆಮಾತಿನಲ್ಲಿ ಬರೆದಿದ್ದಾರೆಯೇ ಎಂದು ದಯವಿಟ್ಟು ಕೇಳಿ. ವೈನ್ ಬೆರೆಸುತ್ತಾರೆ ಎಂಬ ಮಾತಿಗೆ ಒಂದು ತಿದ್ದುಪಡಿಯನ್ನೂ ಪ್ರಕಟಿಸಬೇಕೆಂದು ಕೋರುತ್ತೇನೆ.

ಆ ರಾತ್ರಿ ಎರಡೂ ಲೋಟಗಳನ್ನು ತೊಳೆಯದೆ ಮುಚ್ಚಿಡಲು ಹುಡುಗ ಹೇಳಿದ್ದ. ಬೆಳಿಗ್ಗೆ ಹಾಲು ಕಾಯಿಸುವ ಮೊದಲೇ ತೆಗೆದು ಮೂಸಿದೆ. ಮದ್ಯದ ಘಾಟು ಪೂರ್ತಿ ಹೋಗಿ ತಳದಲ್ಲಿ ಅಂಟು ಮಾತ್ರ ಉಳಿದಿತ್ತು. ಮೊದಲ ಲೋಟದಲ್ಲಿ ಸುಟ್ಟ ಮರ, ತುಸು ವೆನಿಲಾ. ಎರಡನೆಯದರಲ್ಲಿ ದ್ರಾಕ್ಷಿಯ ವಾಸನೆ ಇರುತ್ತದೆಂದು ಎಣಿಸಿದ್ದೆ, ಇತ್ತು ಕೂಡ. ಆದರೆ ಅದರ ಕೆಳಗೆ, ಮಳೆ ಬಿದ್ದ ಮರುದಿನ ಧಾನ್ಯದ ಕಣಜದ ಬಾಗಿಲು ತೆಗೆದಾಗ ಬರುವಂಥ ಕಾಳಿನ ಸೊಗಡು ಸ್ಪಷ್ಟವಾಗಿ ಉಳಿದುಕೊಂಡಿತ್ತು.

ಇತಿ ನಿಮ್ಮ ವಿಶ್ವಾಸಿ,
ಒಬ್ಬ ಹಳೆಯ ಓದುಗ, ಪಿ.ಜೆ. ಬಡಾವಣೆ, ದಾವಣಗೆರೆ